ತರಗೆಲೆ ಕೆದಕುವ ಚಿಟ್ಟುಕೋಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ನೆಲದ ಮೇಲೆ ಬಾಳುವ ಕಾಡುಹಕ್ಕಿಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಚಿಟ್ಟುಕೋಳಿಯ ಸುತ್ತಲೇ ಇದ್ದವು. ಇದು ಕಾಲಿನಲ್ಲಿ ಮುಳ್ಳಿರುವ, ಕೋಳಿ ಜಾತಿಯ ಸಣ್ಣ ಕಾಡುಹಕ್ಕಿ. ನಮ್ಮಲ್ಲಿ ಕೆಂಪು ಚಿಟ್ಟುಕೋಳಿ, ಬಣ್ಣದ ಚಿಟ್ಟುಕೋಳಿ ಎಂದು ಎರಡು ಬಗೆ. ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದಾಗ ಬೆಳಗ್ಗೆ ರಸ್ತೆ ದಾಟಿ ಕೆಂಚು ಬಣ್ಣದ ಕೋಳಿಯಂಥ ಹಕ್ಕಿಯೊಂದು ಪೊದೆಗೆ ನುಗ್ಗಿತು. ಬಾಲ ಮೇಲಕ್ಕೆತ್ತಿತ್ತು. ಜೊತೆಯವರು ಕಾಡುಕೋಳಿ ಹೇಂಟೆ ಎಂದರು. ನನಗೆ ಅನುಮಾನ. (ಯಲಹಂಕ)

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ, ನೀವು ಕಂಡದ್ದು ಕೆಂಪು ಚಿಟ್ಟುಕೋಳಿ ಇರಬಹುದು. ಕಾಲು ಯಾವ ಬಣ್ಣದ್ದಿತ್ತು, ನೆನಪು ಮಾಡಿಕೊಳ್ಳಿ. ಕಾಡುಕೋಳಿ ಹೇಂಟೆಯ ಕಾಲು ಹಳದಿ, ಎದೆ ಬಿಳಿ, ಎದೆಯ ಒಂದೊಂದು ಗರಿಗೂ ಕಪ್ಪು ಅಂಚು. ಓಡುವಾಗಲೂ ಎದೆಯ ಆ ಬಿಳುಪು ಕಣ್ಣಿಗೆ ಹೊಡೆಯುತ್ತದೆ. ಕೆಂಪು ಚಿಟ್ಟುಕೋಳಿಗೆ ಬಿಳುಪೇ ಇಲ್ಲ. ಕಾಲು ಕೆಂಪು, ಕಣ್ಣಿನ ಸುತ್ತಲ ಬರಿ ಚರ್ಮವೂ ಕೆಂಪು. ಗಂಡಿನ ಮೈ ಕೆಂಗಂದು, ಗರಿಗಳ ಅಂಚು ಮಾಸಲಾಗಿರುವುದರಿಂದ ಮೈತುಂಬ ಹುರುಪೆ ಹೊದಿಸಿದಂತೆ ಕಾಣುತ್ತದೆ. ಹೆಣ್ಣಿನ ಬೆನ್ನು ಮಾಸಲು ಕಂದು, ಅದರ ಮೇಲೆ ಕಪ್ಪು ಗೆರೆಗಳು. ಉದ್ದ ಸುಮಾರು 36 ಸೆಂ.ಮೀ., ಅಂದರೆ ನಾಟಿ ಕೋಳಿಯ ಎಳೆ ಹೇಂಟೆಗಿಂತಲೂ ತುಸು ಚಿಕ್ಕದು.

ಬಾಲ ಎತ್ತಿ ಓಡುವ ರೀತಿ ಕೋಳಿಯದು, ದುಂಡು ಮೈ ಗೌಜಲಹಕ್ಕಿಯದು. ವಿಜ್ಞಾನಿಗಳು ಕೊಟ್ಟ ಕುಲನಾಮ ಗ್ಯಾಲೊಪರ್ಡಿಕ್ಸ್. ಅದಕ್ಕೂ ಕೋಳಿ-ಗೌಜಲ ಎಂದೇ ಅರ್ಥ. ಕೆಂಪು ಚಿಟ್ಟುಕೋಳಿಯನ್ನು 1789ರಲ್ಲಿ ಜರ್ಮನಿಯ ವಿಜ್ಞಾನಿ ಗ್ಮೆಲಿನ್ ಹೆಸರಿಸಿದ, ಬಣ್ಣದ ಚಿಟ್ಟುಕೋಳಿಯನ್ನು 1825ರಲ್ಲಿ ಫ್ರಾನ್ಸಿನ ವಿಜ್ಞಾನಿ ವಾಲೆನ್ಸಿಯೆನ್. ಮೂರನೆಯ ಬಗೆಯೊಂದು ಶ್ರೀಲಂಕಾದ ಮಳೆಕಾಡಿನಲ್ಲಿ ಮಾತ್ರ ಇದೆ. ನೋಡಲು ಗೌಜಲದ ಹಾಗಿದ್ದರೂ ವಂಶವಾಹಿ ಅಧ್ಯಯನಗಳ ಪ್ರಕಾರ ಇವುಗಳ ಹತ್ತಿರದ ಬಳಗ ಆಗ್ನೇಯ ಏಷ್ಯಾದ ಕಾಡುಗಳಲ್ಲಿದೆ.

ಬೆಂಗಳೂರಿನ ಸುತ್ತ ಸಾವನದುರ್ಗ, ರಾಮನಗರದಂಥ ಬಂಡೆಬೆಟ್ಟಗಳ ಕುರುಚಲಿನಲ್ಲಿ ನೀವು ಹುಡುಕಬೇಕಾದ್ದು ಬಣ್ಣದ ಚಿಟ್ಟುಕೋಳಿಯನ್ನು. ಅದು ಇನ್ನೂ ಸಣ್ಣದು, 32 ಸೆಂ.ಮೀ. ಆಸುಪಾಸು. ಕಣ್ಣ ಸುತ್ತ ಕೆಂಪಿಲ್ಲ, ಕಾಲು ಬೂದುಗಪ್ಪು. ಗಂಡಿನ ತಲೆ ಕತ್ತು ಹಸಿರು ಮಿಂಚುವ ಕಪ್ಪು, ಅದರ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆ. ಕೆಂಗಂದು ಬೆನ್ನಿನ ಮೇಲೆ ಕಪ್ಪು ಅಂಚು ಕಟ್ಟಿದ ಬಿಳಿ ಬೊಟ್ಟುಗಳು. ಇಷ್ಟೆಲ್ಲ ಬಣ್ಣವಿದ್ದೂ ಬಿಸಿಲು-ನೆರಳು ಬೆರೆತ ತರಗೆಲೆಯ ಮೇಲೆ ನಿಂತರೆ ಹತ್ತು ಹೆಜ್ಜೆ ದೂರದಲ್ಲಿ ಮಾಯ. ಹೆಣ್ಣು ಬರೀ ಕಡುಗಂದು, ಹಣೆ ಹುಬ್ಬು ಮಾತ್ರ ಕೆಂಚು.

ಪ್ರಶ್ನೆ: ಇದರ ಕಾಲಿನ ಮುಳ್ಳು ಹುಂಜದ ಮುಳ್ಳಿನಂತೆಯೇ? (ಕೆಂಗೇರಿ)

ಉತ್ತರ: ರಚನೆ ಅದೇ. ಒಳಗೆ ಮೂಳೆಯ ತಿರುಳು, ಹೊರಗೆ ಉಗುರಿನಂಥ ಗಟ್ಟಿ ಹೊದಿಕೆ. ಲೆಕ್ಕದಲ್ಲಿ ವ್ಯತ್ಯಾಸ. ಹುಂಜಕ್ಕೆ ಒಂದೊಂದು ಕಾಲಿಗೆ ಒಂದೇ ಮುಳ್ಳು. ಚಿಟ್ಟುಕೋಳಿ ಗಂಡಿಗೆ ಒಂದು ಕಾಲಿಗೆ ಎರಡು, ಕೆಲವಕ್ಕೆ ಇನ್ನೂ ಹೆಚ್ಚು. ಎರಡೂ ಕಾಲಿನಲ್ಲಿ ಒಂದೇ ಲೆಕ್ಕ ಇರಲೇಬೇಕೆಂದಿಲ್ಲ. ಹೆಣ್ಣಿಗೂ ಒಂದೋ ಎರಡೋ ಮುಳ್ಳಿರುತ್ತದೆ, ಕೋಳಿ ಜಾತಿಯ ಹಕ್ಕಿಗಳಲ್ಲಿ ಇದು ಅಪರೂಪ. ಆದ್ದರಿಂದ ಮುಳ್ಳು ನೋಡಿ ಗಂಡು ಎಂದು ತೀರ್ಮಾನಿಸಬೇಡಿ, ಗರಿಯ ಬಣ್ಣ ನೋಡಿ.

ಪ್ರಶ್ನೆ: ನಾಲ್ಕು ಭಾನುವಾರ ಸಾವನದುರ್ಗಕ್ಕೆ ಹೋಗಿ ಬಂದೆ. ಒಮ್ಮೆಯೂ ಕಾಣಲಿಲ್ಲ. ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ಬರುತ್ತದೆ ಎನ್ನುತ್ತಾರೆ. ಹಾಕಬಹುದೇ? (ಜಯನಗರ)

ಉತ್ತರ: ದಯವಿಟ್ಟು ಹಾಕಬೇಡಿ. ಚಿಟ್ಟುಕೋಳಿ ಜೋಡಿಯಾಗಿ ತನ್ನ ಜಾಗ ಕಾಯ್ದುಕೊಂಡು ಬಾಳುವ ಹಕ್ಕಿ. ಮೊಬೈಲಿನ ಕೂಗು ಕೇಳಿದರೆ ಬೇರೊಂದು ಗಂಡು ನುಗ್ಗಿತೆಂದು ಹೊಡೆದಾಟಕ್ಕೆ ಹೊರಬರುತ್ತದೆ. ಇಡೀ ಆಯುಷ್ಯ ಪೊದೆಯ ಮರೆ ನೆಚ್ಚಿದ ಹಕ್ಕಿ ಹಾಗೆ ಬಯಲಿಗೆ ಬಂದಾಗಲೇ ಮುಂಗುಸಿಗೆ, ಗಿಡುಗನಿಗೆ ಸಿಗುವುದು. ಒಂದೇ ಜಾಗದಲ್ಲಿ ವಾರವಾರವೂ ಹೀಗೆ ಕರೆದರೆ ಜೋಡಿ ಆ ಜಾಗವನ್ನೇ ಬಿಟ್ಟು ಹೋಗಬಹುದು.

ಭಾನುವಾರದ ಬದಲು ವಾರದ ನಡುವೆ ಹೋಗಿ. ಬೆಟ್ಟ ಹತ್ತುವವರ ಗದ್ದಲ ಶುರುವಾದ ಮೇಲೆ ಇದು ಪೊದೆಯ ಒಳಗಿಂದ ಹೊರಗೆ ತಲೆ ಹಾಕುವುದಿಲ್ಲ. ಬೆಳಕು ಹರಿದ ಮೊದಲ ಒಂದು ಗಂಟೆ, ಸಂಜೆಯ ಕೊನೆಯ ಒಂದು ಗಂಟೆ ಒಳ್ಳೆಯ ಹೊತ್ತು. ಕಾಲ ನವೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ. ಮುಂಗಾರಿನ ಹುಲ್ಲು ಆಗ ಬಿದ್ದಿರುತ್ತದೆ, ಗೂಡಿನ ಕಾಲ ಇನ್ನೂ ಶುರುವಾಗಿರುವುದಿಲ್ಲ.

ತುದಿಯ ಬೋಳು ಬಂಡೆಯ ಮೇಲೆ ಹುಡುಕಿ ಪ್ರಯೋಜನವಿಲ್ಲ. ಬಂಡೆಯ ಬುಡಕ್ಕೂ ಪೊದೆಗೂ ನಡುವೆ ತರಗೆಲೆ ಗುಡ್ಡೆಬಿದ್ದ ಪಟ್ಟಿ, ಒಣಹಳ್ಳದ ದಂಡೆ, ಹಣ್ಣು ಉದುರಿಸುವ ಆಲ, ಗೋಣಿ ಮರದ ಕೆಳಗು, ಇವು ಮೇಯುವ ಜಾಗ. ದಾರಿ ಬಿಡದೆ ಅಂಥ ಜಾಗದಿಂದ 20-25 ಮೀಟರ್ ಆಚೆ ಮರಕ್ಕೆ ಬೆನ್ನು ಕೊಟ್ಟು ಕೂರಿ. ಬಿಳಿ ಅಂಗಿ ಬೇಡ, ಸರಸರ ಸದ್ದು ಮಾಡುವ ಮಳೆಕೋಟು ಬೇಡ. ಕನಿಷ್ಠ 40 ನಿಮಿಷ ಅಲುಗಾಡಬೇಡಿ. ಹದಿನೈದು ನಿಮಿಷಕ್ಕೆ ಎದ್ದುಬಿಡುವುದೇ ಎಲ್ಲರೂ ಮಾಡುವ ತಪ್ಪು. ನೀವು ಬಂದಾಗ ಓಡಿ ಅವಿತ ಹಕ್ಕಿ ಮತ್ತೆ ಮೇಯಲು ಬರಬೇಕಾದರೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ತರಗೆಲೆಯ ಸದ್ದಿನಲ್ಲಿ ಬಗೆಗಳಿವೆ. ಓತಿಕ್ಯಾತದ್ದು ಒಂದೇ ಸಲ ಸರ್ರೆಂದು ಓಡಿ ನಿಲ್ಲುವ ಸದ್ದು. ಹರಟೆಮಲ್ಲ ಹಕ್ಕಿಗಳು ಆರೇಳು ಒಟ್ಟಿಗೆ ಎಲೆ ಮಗುಚುತ್ತವೆ, ಬಾಯಿಯನ್ನೂ ಬಿಡುತ್ತಿರುತ್ತವೆ. ಮುಂಗುಸಿ ನಿಲ್ಲದೆ ಸಾಗುತ್ತದೆ. ಚಿಟ್ಟುಕೋಳಿ ಕೋಳಿಯಂತೆಯೇ ಎರಡು-ಮೂರು ಸಲ ಕಾಲಿನಿಂದ ಕೆದಕಿ, ಅರ್ಧ ಹೆಜ್ಜೆ ಹಿಂದೆ ಸರಿದು, ಸಿಕ್ಕಿದ್ದನ್ನು ಕುಕ್ಕುತ್ತದೆ. ಆಗ ಸದ್ದು ಅಡಗುತ್ತದೆ. ಮತ್ತೆ ಕೆದಕು. ನಾಲ್ಕೈದು ಮಾರು ಆಚೆಯಿಂದ ಇನ್ನೊಂದು ಕೆದಕುವ ಸದ್ದು ಬಂತೆಂದರೆ ಜೋಡಿ ಅಲ್ಲಿದೆ. ತಲೆ ತಿರುಗಿಸದೆ ಕಾಯಿರಿ. ಅದೃಷ್ಟವಿದ್ದರೆ ಗಂಡು ತಾನು ಕೆದಕಿ ತೆಗೆದ ಹುಳುವನ್ನು ನುಂಗದೆ ಕೊಕ್ಕಿನಿಂದ ತೋರಿಸಿ ಹೆಣ್ಣನ್ನು ಕರೆಯುವುದನ್ನೂ ನೋಡಬಹುದು.

ಒಂದು ಎಚ್ಚರಿಕೆ. ಈ ಬೆಟ್ಟಗಳಲ್ಲಿ ಚಿರತೆಯೂ ಕರಡಿಯೂ ಇವೆ. ನಸುಕಿನಲ್ಲಿ ಒಬ್ಬರೇ ಬಂಡೆಯ ಪೊಟರೆಗಳ ಹತ್ತಿರ ಕೂರಬೇಡಿ. ಅರಣ್ಯ ಇಲಾಖೆ ಬಿಟ್ಟ ದಾರಿ ಮತ್ತು ಹೊತ್ತನ್ನು ಮೀರಬೇಡಿ. ರಾಮದೇವರಬೆಟ್ಟದ ರಣಹದ್ದು ಧಾಮದೊಳಗೆ ಮನಸ್ಸು ಬಂದಲ್ಲಿ ತಿರುಗುವಂತಿಲ್ಲ.

ಚಿತ್ರವೇ ಮುಖ್ಯ ಎನ್ನುವವರು ಹಂಪಿ ಬಳಿಯ ದರೋಜಿ ಕರಡಿಧಾಮಕ್ಕೆ ಹೋಗಿ ಬನ್ನಿ. ಅಲ್ಲಿ ಕರಡಿಗಳಿಗೆಂದು ಬಂಡೆಗೆ ಬೆಲ್ಲದ ಪಾಕ ಬಳಿಯುತ್ತಾರೆ. ಅದನ್ನು ಕುಕ್ಕಲು ಬಣ್ಣದ ಚಿಟ್ಟುಕೋಳಿ ಬಯಲಿಗೇ ಬರುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ಪಕ್ಕದ ಬೀಳುಜಾಗದಲ್ಲಿ ಬೆಳಗ್ಗೆ ಸಂಜೆ ಗಟ್ಟಿಯಾಗಿ ‘ಕತೀತರ್ ಕತೀತರ್’ ಎಂಬ ಕೂಗು. ಚಿಟ್ಟುಕೋಳಿಯೇ? (ಹೆಸರಘಟ್ಟ ರಸ್ತೆ)

ಉತ್ತರ: ಅದು ಬೂದು ಗೌಜಲಹಕ್ಕಿ. ಬಯಲು, ಹುಲ್ಲು, ಹೊಲದ ಬದು ಅದರ ಊರು, ದಟ್ಟ ಕಾಡಲ್ಲ. ಕೂಗೇ ಹೆಸರಾಗಿ ಹಿಂದಿಯಲ್ಲಿ ತೀತರ್. ಸಂಸ್ಕೃತದಲ್ಲಿ ತಿತ್ತಿರಿ. ಯಾಜ್ಞವಲ್ಕ್ಯ ಕಾರಿದ ಯಜುರ್ವೇದವನ್ನು ಉಳಿದ ಶಿಷ್ಯರು ತಿತ್ತಿರಿ ಹಕ್ಕಿಗಳಾಗಿ ಹೆಕ್ಕಿದರೆಂಬ ಕಥೆಯಿಂದ ತೈತ್ತಿರೀಯ ಎಂಬ ಮಾತು ಬಂತಲ್ಲ, ಆ ಬಳಗದ್ದೇ ಈ ಹಕ್ಕಿ.

ಕೆಂಪು ಚಿಟ್ಟುಕೋಳಿಯ ಕೂಗು ಗಿನಿಕೋಳಿಯಂತೆ ಒರಟು ಕೊಕ್ಕಾಟ. ಬಣ್ಣದ ಚಿಟ್ಟುಕೋಳಿಯದು ‘ಚುರ್ ಚುರ್ ಚುರ್’ ಎಂದು ಬಿಡುವಿಲ್ಲದೆ ಹೊಮ್ಮುವ ಕೂಗು. ಕೆಂಪು ಚಿಟ್ಟುಕೋಳಿ ರಾತ್ರಿ ಮರದ ಕೊಂಬೆಯ ಮೇಲೆ ಮಲಗುತ್ತದೆ. ಬೆಳಗ್ಗೆ ಇಳಿಯುವ ಮುನ್ನ ಕೂಗುತ್ತದೆ.

ಪ್ರಶ್ನೆ: ನಾವು ತೀರ ಹತ್ತಿರ ಹೋಗುವವರೆಗೂ ಚಿಟ್ಟುಕೋಳಿ ಹಾರುವುದಿಲ್ಲ, ಹಾರಿದರೂ ಸ್ವಲ್ಪ ದೂರದಲ್ಲೇ ಇಳಿಯುತ್ತದೆ. ಏಕೆ? (ವಿಜಯನಗರ)

ಉತ್ತರ: ಮಾಂಸದಲ್ಲಿ ಉತ್ತರವಿದೆ. ಕೋಳಿಯ ಎದೆಮಾಂಸ ಬಿಳಿ, ತೊಡೆಮಾಂಸ ಕಡುಬಣ್ಣ ಎನ್ನುವುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಬಿಳಿ ಸ್ನಾಯು ಕ್ಷಣಾರ್ಧದಲ್ಲಿ ಪೂರ್ತಿ ಬಲ ಹಾಕಬಲ್ಲದು, ಕೂಡಿಟ್ಟ ಸಕ್ಕರೆಯಂಶ ಸುಟ್ಟು ಸೆಕೆಂಡುಗಳಲ್ಲೇ ದಣಿಯುತ್ತದೆ. ರಕ್ತ ಹೆಚ್ಚು ಹರಿಯುವ ಕಡುಬಣ್ಣದ ಸ್ನಾಯು ದಿನವಿಡೀ ದುಡಿಯಬಲ್ಲದು. ಕೋಳಿ ಜಾತಿಯ ಹಕ್ಕಿಗಳ ರೆಕ್ಕೆ ಗಿಡ್ಡ, ದುಂಡು, ನೆಲದಿಂದ ಒಮ್ಮೆಲೇ ಚಿಮ್ಮಲು ಹೇಳಿ ಮಾಡಿಸಿದ್ದು. ತೇಲುತ್ತ ಸಾಗಲು ಆಗದು. ಆದ್ದರಿಂದ ಚಿಟ್ಟುಕೋಳಿಗೆ ಹಾರಾಟ ಕೊನೆಯ ಅಸ್ತ್ರ. ಮೊದಲು ಕದಲದೆ ನಿಲ್ಲುತ್ತದೆ, ಆಮೇಲೆ ಓಡುತ್ತದೆ, ಎರಡೂ ನಡೆಯದಿದ್ದರೆ ಮಾತ್ರ ರೆಕ್ಕೆ ಬಡಿಯುತ್ತದೆ. ಒಂದೇ ಹಕ್ಕಿಯನ್ನು ಎರಡು-ಮೂರು ಸಲ ಎಬ್ಬಿಸಿದರೆ ನಾಲ್ಕನೆಯ ಸಲ ಅದು ಹಾರಲಾರದೆ ನಾಯಿಯ ಬಾಯಿಗೆ ಬೀಳುತ್ತದೆ. ಚಿತ್ರಕ್ಕಾಗಿ ಅಟ್ಟಿಸಿಕೊಂಡು ಹೋಗುವವರು ಇದನ್ನು ನೆನಪಿಡಬೇಕು.

ಪ್ರಶ್ನೆ: ಕಗ್ಗಲೀಪುರದ ಕಡೆ ನಮ್ಮ ಜಮೀನು ಕಾಡಿಗೆ ಹೊಂದಿಕೊಂಡಿದೆ. ಲಂಟಾನ ಕಡಿಯುವಾಗ ಕಲ್ಲಿನ ಪಕ್ಕದಿಂದ ಹಕ್ಕಿಯೊಂದು ಭರ್ರೆಂದು ಎದ್ದಿತು. ನೋಡಿದರೆ ನಾಲ್ಕು ಮೊಟ್ಟೆ. ಕಾವಿಗೆ ಕೂತ ನಾಟಿ ಕೋಳಿ ಮನೆಯಲ್ಲಿದೆ, ಅದರಡಿ ಇಡಬಹುದೇ? (ಬನಶಂಕರಿ)

ಉತ್ತರ: ಬೇಡ. ಅಲ್ಲೇ ಬಿಡಿ, ಆಳುಗಳನ್ನು ಕೂಡಲೇ ಆ ಕಡೆಯಿಂದ ಹೊರಡಿಸಿ.

ಮೊಟ್ಟೆಯ ಲೆಕ್ಕ ನೋಡಿದರೆ ಚಿಟ್ಟುಕೋಳಿಯ ಗೂಡೇ ಇರಬಹುದು. ಅದು ಇಡುವುದು 3ರಿಂದ 5. ಗೌಜಲಹಕ್ಕಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಇಡುತ್ತದೆ. ನವಿಲಿನ ಮೊಟ್ಟೆ ಕೋಳಿಮೊಟ್ಟೆಗಿಂತ ಎಷ್ಟೋ ದೊಡ್ಡದು, ಗುರುತು ತಪ್ಪುವುದಿಲ್ಲ. ಗೂಡೆಂದರೆ ಬೇರೇನಿಲ್ಲ, ನೆಲದಲ್ಲಿ ಕೆದಕಿದ ಒಂದು ಸಣ್ಣ ತಗ್ಗು, ಅದರಲ್ಲಿ ನಾಲ್ಕು ಒಣಎಲೆ. ಜನವರಿಯಿಂದ ಜೂನ್‌ವರೆಗೆ ಇದರ ಗೂಡಿನ ಕಾಲ. ನಾವು ಜಮೀನು ಹಸನು ಮಾಡುವುದೂ ಮಳೆಗೆ ಮುಂಚಿನ ಅದೇ ತಿಂಗಳುಗಳಲ್ಲಿ.

ಮನುಷ್ಯ ಮುಟ್ಟಿದ ವಾಸನೆಗೆ ತಾಯಿ ಗೂಡು ಬಿಡುತ್ತದೆ ಎಂಬ ಮಾತಿದೆ, ಅದು ನಿಜವಲ್ಲ. ಅಪಾಯ ಬೇರೆ. ನೀವು ತುಳಿದು ಮಾಡಿದ ದಾರಿ ಹಿಡಿದು ನಾಯಿ, ಮುಂಗುಸಿ ಗೂಡಿಗೆ ಬರುತ್ತವೆ. ನೆರಳು ಹೋದರೆ ಬೇಸಿಗೆಯ ಬಿಸಿಲಿಗೆ ಮೊಟ್ಟೆಯೊಳಗಿನ ಜೀವ ಬೆಂದುಹೋಗುತ್ತದೆ. ಹಾಗಾಗಿ ನೆರಳಿನ ಪೊದೆ ಆಗಲೇ ಕಡಿದಾಗಿದ್ದರೆ ಕಡಿದ ಕೊಂಬೆಗಳನ್ನೇ ತಂದು ಗೂಡಿನ ಮೇಲೆ ಮಂಡಿಯೆತ್ತರಕ್ಕೆ ಚಪ್ಪರದಂತೆ ಊರಿ. ಹಕ್ಕಿ ಒಳಹೊರಗೆ ಓಡಾಡಲು ಎರಡು ಕಡೆ ಬುಡ ತೆರವಿರಲಿ. ಇಷ್ಟನ್ನು ಐದು ನಿಮಿಷದೊಳಗೆ ಮುಗಿಸಿ ಹೊರಬನ್ನಿ. ಸುತ್ತ 15 ಮೀಟರ್ ಜಾಗದಲ್ಲಿ ಕೆಲಸ ನಿಲ್ಲಿಸಿ. ಗುರುತಿನ ಕೋಲನ್ನು ಗೂಡಿನ ಪಕ್ಕ ನೆಡಬೇಡಿ, ಹತ್ತು ಮೀಟರ್ ಆಚೆ ನೆಡಿ. ಮೂರು ದಿನಕ್ಕೊಮ್ಮೆ ದೂರದಿಂದ ದುರ್ಬೀನಿನಲ್ಲಿ ನೋಡಿದರೆ ಸಾಕು.

ಕಾವು ಕೂರುವುದು ಹೆಣ್ಣು ಮಾತ್ರ. ಮರಿಗಳು ಮೈತುಂಬ ತುಪ್ಪುಳದೊಂದಿಗೆ ಹೊರಬಂದು, ಮೈ ಒಣಗಿದ ಮೇಲೆ ತಾಯಿಯ ಹಿಂದೆ ನಡೆದುಬಿಡುತ್ತವೆ. ಗೂಡು ಬರಿದಾದ ಮೇಲೆ ಹೋಗಿ ಸಿಪ್ಪೆ ನೋಡಿ. ದಪ್ಪ ತುದಿಯ ಹತ್ತಿರ ಮುಚ್ಚಳ ಬಿಡಿಸಿದಂತೆ ವೃತ್ತಾಕಾರದಲ್ಲಿ ಒಡೆದಿದ್ದರೆ ಮರಿ ಹೊರಬಂದಿದೆ. ಅಡ್ಡಾದಿಡ್ಡಿ ಒಡೆದು ಹಳದಿ ಅಂಟಿದ್ದರೆ ಪ್ರಾಣಿ ತಿಂದಿದೆ. ಸಿಪ್ಪೆಯೇ ಇಲ್ಲದಿದ್ದರೆ ಹಾವು ನುಂಗಿರಬಹುದು, ಉಡವೂ ಇರಬಹುದು.

ನಾಟಿ ಕೋಳಿ ಕಾವು ಕೊಟ್ಟು ಮರಿ ಮಾಡಿಬಿಡಬಹುದು, ಕಷ್ಟ ಶುರುವಾಗುವುದು ಆಮೇಲೆ. ಈ ಮರಿಗಳಿಗೆ ಮೊದಲ ವಾರಗಳಲ್ಲಿ ಗೆದ್ದಲು, ಇರುವೆಮೊಟ್ಟೆ, ಸಣ್ಣ ಹುಳುಗಳೇ ಬೇಕು, ನುಚ್ಚು ತಿಂದು ಬದುಕುವುದಿಲ್ಲ. ಕೊಕ್ಕರೆ ರೋಗದಂಥ ಕೋಳಿರೋಗ ತಗಲುತ್ತದೆ. ಬದುಕಿ ಉಳಿದರೂ ಗಿಡುಗ ಬಂದಾಗ ಎಲ್ಲಿ ಅವಿಯಬೇಕೆಂದು ಕಾಡಿನ ತಾಯಿಯಂತೆ ಕಲಿಸುವವರಿಲ್ಲ. ಜೊತೆಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಬೇಟೆಗೆ ಸಮ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಗೌಜಲಹಕ್ಕಿ ಮೊಟ್ಟೆ ಇವುಗಳದ್ದೇ? ಸಾಕಬಹುದೇ? (ಮಾಗಡಿ ರಸ್ತೆ)

ಉತ್ತರ: ಅಲ್ಲ. ಮಾರಾಟದವರು ಗೌಜಲ ಎನ್ನುವುದು ಜಪಾನಿ ಲಾವಕ್ಕಿಯನ್ನು. ಅದು ಸಾಕಣೆಗೆ ಒಗ್ಗಿದ ತಳಿ, ಮೊಟ್ಟೆ ಸುಮಾರು 10 ಗ್ರಾಂ, ಮೇಲೆಲ್ಲ ಕಂದು-ಕಪ್ಪು ಕಲೆ, 17-18 ದಿನಕ್ಕೆ ಮರಿ. ಅದನ್ನು ಸಾಕಬಹುದು. ಕಾಡಿನ ಗೌಜಲ, ಚಿಟ್ಟುಕೋಳಿ, ಪುರಲೆ ಇವನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಬೇಲಿಸಾಲಿನಲ್ಲಿ ಉರುಳು ಕಟ್ಟಿದ್ದು ಕಂಡರೆ ಮುಟ್ಟದೆ ಚಿತ್ರ ತೆಗೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ.

ಪ್ರಶ್ನೆ: ರಾಮನಗರದ ಬಳಿ ಬೆಟ್ಟದ ಬುಡದಲ್ಲಿ ಎರಡು ಎಕರೆ ಕೊಂಡಿದ್ದೇವೆ. ಹಕ್ಕಿಗಳು ಬರಲಿ ಎಂದು ಆಸೆ. ಮರ ನೆಟ್ಟಿದ್ದೇವೆ, ಕಳೆ ತೆಗೆಸಿ, ಎಲೆ ಗುಡಿಸಿ ಚೊಕ್ಕಟ ಇಟ್ಟಿದ್ದೇವೆ. ಚಿಟ್ಟುಕೋಳಿ ಬರಲು ಇನ್ನೇನು ಮಾಡಬೇಕು? (ರಾಜಾಜಿನಗರ)

ಉತ್ತರ: ಗುಡಿಸುವುದನ್ನು ನಿಲ್ಲಿಸಿ. ಈ ಹಕ್ಕಿಗೆ ಮರಕ್ಕಿಂತ ಮುಖ್ಯ ಮರದ ಕೆಳಗಿನದು. ತರಗೆಲೆಯಡಿ ಗೆದ್ದಲು, ಹುಳು, ಬಸವನಹುಳು, ಉದುರಿದ ಬೀಜ, ಅರೆಯಲು ಮರಳಕಾಳು, ಎಲ್ಲವೂ ಸಿಗುತ್ತವೆ. ಎಲೆ ಎರಡು-ಮೂರು ಅಂಗುಲ ದಪ್ಪ ಬಿದ್ದಿರಲಿ. ಬೇಸಿಗೆಯಲ್ಲಿ ಬೆಂಕಿಯ ಭಯವಿದ್ದರೆ ಇಡೀ ಜಮೀನು ಬೋಳಿಸಬೇಡಿ. ಗಡಿಯ ಸುತ್ತ ನಾಲ್ಕು ಮೀಟರ್ ಅಗಲ ಮಾತ್ರ ಡಿಸೆಂಬರ್ ಹೊತ್ತಿಗೇ ಕೆರೆದು, ಆ ಎಲೆಯನ್ನು ಒಳಗಿನ ಗಿಡಗಳ ಬುಡಕ್ಕೆ ಹಾಕಿ. ಸುಡುವುದು ಬೇಡವೇ ಬೇಡ. ಫೆಬ್ರವರಿಯಿಂದ ಮೇವರೆಗೆ ಬೆಟ್ಟಕ್ಕೆ ಬೀಳುವ ಬೆಂಕಿಯಲ್ಲಿ ಸುಟ್ಟುಹೋಗುವುದು ಇದರ ಗೂಡುಗಳೇ. ಎರಡೂ ಚಿಟ್ಟುಕೋಳಿಗಳು ಅಳಿವಿನಂಚಿನ ಪಟ್ಟಿಯಲ್ಲಿಲ್ಲ. ಆದರೂ ಬುಡ ಸುಟ್ಟ ಬೆಟ್ಟದಲ್ಲಿ ಮರಗಳು ಹಾಗೇ ನಿಂತಿರುತ್ತವೆ, ಈ ಹಕ್ಕಿ ಇರುವುದಿಲ್ಲ.

ಪೊದೆಗೆ ಒಂದು ಹದವಿದೆ. ಮೇಲೆ ಮುಚ್ಚಿರಬೇಕು, ಬುಡದಲ್ಲಿ ಒಂದು ಗೇಣು ನಡೆದಾಡುವ ಜಾಗ ಇರಬೇಕು. ಬುಡದಿಂದಲೇ ಕೊಂಬೆ ಬಿಟ್ಟು ಬಾಗುವ ಕವಳಿ, ಕಾರೆ, ಬೋರೆ ಅದಕ್ಕೆ ಚೆನ್ನ, ಹಣ್ಣೂ ಸಿಗುತ್ತದೆ. ಚೆಂದಕ್ಕೆಂದು ಕೆಳಕೊಂಬೆ ಸವರಬೇಡಿ. ಇವನ್ನು ಬಿಡಿಬಿಡಿಯಾಗಿ ನೆಡದೆ ಐದಾರು ಮೀಟರ್ ಅಗಲದ ಪಟ್ಟಿಯಾಗಿ ಬೆಟ್ಟದ ಕುರುಚಲಿಗೆ ಸೇರುವಂತೆ ನೆಡಿ. ನಡುವೆ ಬಯಲು ಬಂದರೆ ಚಿಟ್ಟುಕೋಳಿ ದಾಟಲು ಹಿಂಜರಿಯುತ್ತದೆ.

ಲಂಟಾನ ಇದ್ದರೆ ಒಂದೇ ಸಲ ಕಿತ್ತುಹಾಕಬೇಡಿ. ಅದರ ಹಣ್ಣನ್ನೂ ಇದು ತಿನ್ನುತ್ತದೆ, ಮರೆಗೂ ಬಳಸುತ್ತದೆ. ಆದರೆ ಹಾಗೇ ಬಿಟ್ಟರೆ ನಾಡಿನ ಪೊದೆಗಳನ್ನು ಅದು ಏಳಗೊಡುವುದಿಲ್ಲ. ವರ್ಷಕ್ಕೆ ಐದರಲ್ಲೊಂದು ಪಾಲು ತೆಗೆಯಿರಿ, ಅದೂ ಜುಲೈ-ಅಕ್ಟೋಬರ್ ನಡುವೆ, ನೆಲ ನೆನೆದಿರುವಾಗ. ಮೇಲಿಂದ ಕತ್ತರಿಸಿದರೆ ಬುಡದಿಂದ ಹತ್ತು ಚಿಗುರು ಏಳುತ್ತವೆ. ಗುದ್ದಲಿಯಿಂದ ನೆಲಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರು ಕಡಿದು, ಗಿಡವನ್ನು ಬೇರು ಮೇಲಾಗಿ ತಲೆಕೆಳಗೆ ಮಾಡಿ ಒಣಗಲು ಬಿಡಿ. ಹಕ್ಕಿಗಳು ಕೂರುವ ಮರದಡಿ ಅದರ ಸಸಿ ಮತ್ತೆ ಹುಟ್ಟುತ್ತದೆ, ಎರಡು ವರ್ಷ ನೋಡಿ ನೋಡಿ ಕೀಳಬೇಕು. ಕಳೆನಾಶಕ ಸಿಂಪಡಿಸಬೇಡಿ. ಕಳೆ ಸತ್ತರೆ ಅದರ ಬೀಜವೂ ಇಲ್ಲ, ಹುಳುವೂ ಇಲ್ಲ.

ಕಾವಲಿಗೆ ನಾಯಿ ಇದ್ದರೆ ರಾತ್ರಿ ಹಗಲು ಬಿಟ್ಟಿರಬೇಡಿ, ಜನವರಿಯಿಂದ ಜೂನ್‌ವರೆಗಂತೂ ಕಟ್ಟಿಯೇ ಇರಲಿ. ಮನೆಕೋಳಿ ಪೊದೆಪಟ್ಟಿಗೆ ಹೋಗದಂತೆ ನೋಡಿಕೊಳ್ಳಿ.

ಕೊನೆಗೆ ಬೇಲಿ. ಕಾಂಪೌಂಡ್ ಗೋಡೆ, ನೆಲಕ್ಕಂಟಿದ ಜಾಲರಿ ಎರಡೂ ಈ ಹಕ್ಕಿಗೆ ಅಡ್ಡಗೋಡೆಯೇ. ಮೇಲಿಂದ ಹಾರಿ ಬರಬಹುದಲ್ಲ ಎನಿಸಬಹುದು. ದಿನನಿತ್ಯ ಮೇಯಲು ಬರುವ ಚಿಟ್ಟುಕೋಳಿ ನಡೆದೇ ಬರುತ್ತದೆ, ಜಾಲರಿ ಸಿಕ್ಕರೆ ಅದರ ಉದ್ದಕ್ಕೂ ಓಡಿ ತಿರುಗಿ ಹೋಗುತ್ತದೆ. ಬೆಟ್ಟದ ಕಡೆಯ ಜಾಲರಿಯನ್ನು ನೆಲದಿಂದ 20 ಸೆಂ.ಮೀ. ಎತ್ತಿ ಕಟ್ಟಿಸಿ. ಎತ್ತಿದ ಕೆಳ ಅಂಚಿನ ತಂತಿಯ ಮೊನೆಗಳನ್ನು ಒಳಮುಖವಾಗಿ ಮಡಿಸಿ, ಆ ಗಡಿಯ ಎರಡೂ ಬದಿಗೆ ಕವಳಿ ಗಿಡ ನೆಡಿ.